ಹಿರಿಯನ ಕೈ ಯಾರ ತಲೆಯ ಮೇಲೆ

ಆಲ್ವಾ ಅಣ್ಣ ಕಣ್ಣು ಮುಚ್ಚುವ ಮೊದಲು ಡೆಲ್ಮರ್‌ಗೆ ಹಿರಿಯನ ಪಟ್ಟ ಕೊಡಲೇಬೇಕಿತ್ತು. ನಮ್ಮ ಸಭೆಯಲ್ಲಿ ಉಳಿದಿದ್ದವರು ಹನ್ನೊಂದು ಜನ. ಅವರಲ್ಲಿ ಆ ಪಟ್ಟ ಇದ್ದದ್ದು ತೊಂಬತ್ತೊಂದು ವರ್ಷದ ಆಲ್ವಾ ಟೀಗ್ ಅಣ್ಣನಿಗೆ ಮಾತ್ರ. ಪಟ್ಟ ಇದ್ದವನು ತಲೆಯ ಮೇಲೆ ಕೈಯಿಟ್ಟು ಕೊಟ್ಟರೆ ಇನ್ನೊಬ್ಬನಿಗೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಅದಿಲ್ಲದೆ ತಿಂಗಳ ಮೊದಲ ಭಾನುವಾರ ಕರ್ತನ ಭೋಜನದ ರೊಟ್ಟಿ ಹರಸುವಂತಿಲ್ಲ, ಕಾಯಿಲೆಯವರಿಗೆ ಎಣ್ಣೆ ಹಚ್ಚುವಂತಿಲ್ಲ. ಬಾಗಿಲು ಹಾಕಿಕೊಂಡು ಪಕ್ಕದ ಕೌಂಟಿಯ ಬಣಕ್ಕೆ ಹೋಗಬೇಕು. ಅವರೋ, ನಿಮಗೆ ಆಗಿರುವ ದೀಕ್ಷಾಸ್ನಾನ ನಡೆಯುವುದಿಲ್ಲ, ಇನ್ನೊಮ್ಮೆ ನೀರಿಗಿಳಿಯಿರಿ ಎನ್ನುತ್ತಾರೆ. ಎಂಬತ್ತೆಂಟರ ಓಪಲ್ ಅಜ್ಜಿಯನ್ನು ಯಾವ ಕೆರೆಗೆ ಇಳಿಸುವುದು?

ಊರಿನವರು ನಮ್ಮನ್ನು ಮಾರ್ಮನ್ನರು ಎನ್ನುತ್ತಾರೆ. ಮಾರ್ಮನ್ನರೆಂದರೆ ಯೂಟಾಕ್ಕೆ ಹೋದವರು, ನಾವು ಬೇರೆ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಅವರ ದಾರಿ ಹಿಡಿಯದೆ ಇಲ್ಲೇ ಮಿಸೂರಿಯಲ್ಲಿ ಉಳಿದ ದೊಡ್ಡ ಸಭೆ ನಮ್ಮ ಮುತ್ತಜ್ಜಂದಿರದು. ಅದನ್ನೂ ನಾವು ಬಿಟ್ಟು ಇಪ್ಪತ್ತಾರು ವರ್ಷವಾಯಿತು. ಬಿಟ್ಟದ್ದು ಹೆಂಗಸರಿಗೂ ಪಟ್ಟ ಕೊಡುತ್ತೇವೆ ಎಂದು ಅವರು ಹೇಳಿದ ಕಾರಣಕ್ಕೆ. ಆ ದಿನ ಎಲ್ಲರಿಗಿಂತ ಜೋರಾಗಿ ಕೂಗಾಡಿ, ಬಾಗಿಲು ಬಡಿದು ಹೊರಗೆ ಬಂದವಳು ನಾನು, ಅರ್ಡಿತ್ ಕೂಂಟ್ಸ್. ಇದನ್ನು ಮೊದಲೇ ಹೇಳಿದರೆ ಮುಂದಿನದು ಅರ್ಥವಾದೀತು. ನನಗಂತೂ ಆಗಿಲ್ಲ.

ಡೆಲ್ಮರ್ ಶಾಲೆಯ ಬಸ್ಸು ಓಡಿಸುತ್ತಾನೆ. ಐವತ್ತರ ಒಳಗೇ ತಲೆ ಪೂರಾ ಬೋಳು. ಸಭೆಯ ಮನೆಯಲ್ಲಿ ಕಸ ಗುಡಿಸಿ, ಒಲೆ ಹಚ್ಚಿ, ತಟ್ಟೆ ಹಂಚುವವನು ಅವನೇ. ಅವನೇ ಆಗಲಿ ಎಂದು ಎಲ್ಲರೂ ಕೈಯೆತ್ತಿ ಒಪ್ಪಿದ ಮೇಲೆ, ಅಕ್ಟೋಬರಿನ ಕೊನೆಯ ಭಾನುವಾರ ಆಲ್ವಾ ಅಣ್ಣನನ್ನು ವೃದ್ಧಾಶ್ರಮದಿಂದ ಗಾಲಿಕುರ್ಚಿಯಲ್ಲಿ ಕರೆತಂದೆವು. ಅವನಿಗೆ ಎರಡೂ ಕಣ್ಣು ಕಾಣಿಸುತ್ತಿರಲಿಲ್ಲ. ಡೆಲ್ಮರ್ ಅವನ ಮುಂದೆ ಮೊಣಕಾಲೂರಿ ತಲೆ ತಗ್ಗಿಸಿದ. ಅಷ್ಟರಲ್ಲಿ ಮುದುಕನ ಕಾಲು ಕುರ್ಚಿಯ ಕಾಲಿಡುವ ಹಲಗೆಯಿಂದ ಜಾರಿ ನೇತಾಡಿತು. ನಾನು ಓಡಿಹೋಗಿ ಅವರಿಬ್ಬರ ನಡುವೆ ಕೂತು ಕಾಲನ್ನು ಎತ್ತಿಡುತ್ತಿದ್ದೆ. ಕಾಯುತ್ತಾರೆ ಅಂದುಕೊಂಡೆ. ಕಾಯಲಿಲ್ಲ. "ಪ್ರಾರ್ಥಿಸೋಣ" ಎಂದ ಆಲ್ವಾ ಅಣ್ಣ. ಎಲ್ಲರೂ ಕಣ್ಣು ಮುಚ್ಚಿದರು. ಅವನ ಎರಡು ಕೈಯೂ ನನ್ನ ತಲೆಯ ಮೇಲೆ ಇಳಿದವು.

ನಮ್ಮಲ್ಲಿ ಪ್ರಾರ್ಥನೆಯ ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ಆಮೆನ್ ಆದ ಮೇಲೆ ಓಡಬೇಕು, ಹಾಗೆ ಬೆಳೆದವರು ನಾವು. ನಾನು ಅಲುಗಾಡಲಿಲ್ಲ. ಅವನು ಡೆಲ್ಮರ್‌ನ ಹೆಸರು ಹೇಳಿ, ಪಟ್ಟದ ಮಾತುಗಳನ್ನೆಲ್ಲ ಒಂದೂ ಬಿಡದೆ ಹೇಳಿ ಮುಗಿಸಿ ಕೈ ತೆಗೆದ. ನಾನು ಪಕ್ಕಕ್ಕೆ ಸರಿದೆ. ಜನ ಕಣ್ಣು ಬಿಟ್ಟಾಗ ಕಂಡದ್ದು ಮೊಣಕಾಲೂರಿದ ಡೆಲ್ಮರ್ ಮತ್ತು ಮುದುಕನ ಕಾಲು ಹಿಡಿದ ನಾನು. ಎಲ್ಲರೂ ಹೋಗಿ ಡೆಲ್ಮರ್‌ನನ್ನು ತಬ್ಬಿಕೊಂಡರು. ಅವನು ಮಾತ್ರ ನನ್ನನ್ನೇ ನೋಡುತ್ತಿದ್ದ.

ಆಗಲೇ ಹೇಳಬೇಕಿತ್ತು. ಆಲ್ವಾ ಅಣ್ಣ ಸಂತೋಷಕ್ಕೆ ಅಳುತ್ತಿದ್ದ. ಅವನನ್ನು ಹತ್ತು ಜನರ ಮುಂದೆ ನಗೆಪಾಟಲು ಮಾಡಲು ನನ್ನ ಬಾಯಿ ಏಳಲಿಲ್ಲ. ಯಾರಿಗೂ ಹೆದರದ ಬಾಯಿ ಅದೊಂದು ದಿನ ಕೈಕೊಟ್ಟಿತು. ಸೋಮವಾರ ಡೆಲ್ಮರ್‌ನನ್ನು ಬಸ್ಸಿನಿಂದಲೇ ಇಳಿಸಿಕೊಂಡು ವೃದ್ಧಾಶ್ರಮಕ್ಕೆ ಹೋದೆ, ಇನ್ನೊಮ್ಮೆ ಕೈಯಿಡಿಸೋಣವೆಂದು. ಮುದುಕನಿಗೆ ಜ್ವರ ಏರಿ ಎಚ್ಚರವೇ ಇರಲಿಲ್ಲ. ಅವನ ಕೈಯನ್ನು ನಾವೇ ಎತ್ತಿ ಇಡಬಹುದೇ ಎಂದು ಡೆಲ್ಮರ್ ಕೇಳಿದ. ಹೆಣದ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರ ಹಾಗೆ ಮಾತಾಡಬೇಡ ಎಂದು ಬೈದೆ. ಮಂಗಳವಾರ ಆಲ್ವಾ ಅಣ್ಣ ತೀರಿಕೊಂಡ.

ಮಣ್ಣು ಮಾಡಿದ ಮರುದಿನ ಡೆಲ್ಮರ್ ನಮ್ಮ ಹಂದಿಕೊಟ್ಟಿಗೆಗೆ ಬಂದ. ನಾನು ಮೇವಿನ ತೊಟ್ಟಿ ತಿಕ್ಕುತ್ತಿದ್ದೆ. ಭಾನುವಾರ ರೊಟ್ಟಿ ಹರಸಬೇಕು, ತನ್ನಿಂದಾಗುವುದಿಲ್ಲ ಎಂದ. ಹೆಸರು ನಿನ್ನದೇ ಹೇಳಿದ್ದಾನಲ್ಲ, ಅಷ್ಟು ಸಾಲದೇ ಎಂದು ಕೇಳಿದೆ.

"ಹೆಸರು ಸಾಕಿದ್ರೆ ಫೋನಲ್ಲೇ ಕೊಡಬಹುದಿತ್ತಲ್ಲ ಅಕ್ಕ. ಕೈ ಯಾಕೆ ಬೇಕಿತ್ತು?" ಎಂದ.

ಕೈ ಸಾಕಿದ್ದರೆ ಹೆಸರು ಯಾಕೆ ಬೇಕಿತ್ತು ಎಂದು ನಾನು ತಿರುಗಿ ಕೇಳಿದೆ. ಹಂದಿಗಳು ಗುರುಗುಟ್ಟುತ್ತಿದ್ದವು. ಆಮೇಲೆ ಅವನು ಟೋಪಿ ತೆಗೆದು ಬೋಳುತಲೆ ಒರೆಸಿಕೊಂಡು, "ನೀವೇ ಇಡಿ" ಎಂದ.

"ಏನು?"

"ಕೈ. ನಿಮಗೆ ಬಂದಿದ್ರೆ ನನಗೆ ದಾಟಿಸಿ. ಬಂದಿಲ್ಲ ಅಂದ್ರೆ ಹಂದಿ ತೊಳೆಯೋ ಕೈ ನನ್ನ ತಲೆ ಮೇಲೆ ಒಂದ್ನಿಮಿಷ ಇತ್ತು ಅಷ್ಟೇ. ಏನು ನಷ್ಟ?"

"ಹೆಂಗಸರ ಕೈಗೆ ಅದು ಬರಲ್ಲ ಅಂತ ಸಭೆ ಬಿಟ್ಟು, ಅಕ್ಕತಂಗಿ ಬಿಟ್ಟು ಬಂದವಳು ಕಣೋ ನಾನು. ಈಗ ಕೈಯಿಟ್ರೆ, ಬಂದಿದೆ ಅಂತ ನಾನೇ ಒಪ್ಕೊಂಡ ಹಾಗೆ. ನಡಿ ಇಲ್ಲಿಂದ, ಬಕೆಟ್ ಎತ್ತಿ ಸುರೀತೀನಿ."

ಅವನು ಹೋದ. ಸಿಟ್ಟು ಹೋಗಲಿಲ್ಲ. ಯಾರ ಮೇಲೆ ಸಿಟ್ಟು ಎಂದೂ ತಿಳಿಯಲಿಲ್ಲ. ಬಂದಿಲ್ಲವೆಂದರೆ ಸಭೆ ಮುಳುಗಿತು. ಬಂದಿದೆಯೆಂದರೆ ಇಪ್ಪತ್ತಾರು ವರ್ಷ ನಾವು ಜಗಳವಾಡಿದ್ದು ಯಾತಕ್ಕೆ? ಒಂದು ಎಳೆ ಹಿಡಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು. ಶನಿವಾರ ಎಂದಿನಂತೆ ಸಭೆಗೆ ರೊಟ್ಟಿ ಸುಟ್ಟೆ. ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಹಿಟ್ಟನ್ನು ಎರಡು ಸಲ ನೆಕ್ಕಿ ನೋಡಿದೆ.

ಭಾನುವಾರ ಎಲ್ಲರೂ ಕೂತ ಮೇಲೆ ಎದ್ದು ನಿಂತು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಮುಂದಿನ ಬೆಂಚಿನಲ್ಲಿ ಓಪಲ್ ಅಜ್ಜಿ ಕೆಮ್ಮಿದಳು.

"ನಾನು ನೋಡ್ದೆ" ಎಂದಳು. "ಪ್ರಾರ್ಥನೇಲಿ ನಾನು ಕಣ್ಣು ಮುಚ್ಚೋದು ಬಿಟ್ಟು ವರ್ಷಗಳಾದ್ವು. ಮುಚ್ಚಿದ್ರೆ ನಿದ್ದೆ ಬರುತ್ತೆ."

ನೋಡಿಯೂ ಯಾಕೆ ಸುಮ್ಮನಿದ್ದೆ ಎಂದು ನಾನು ಸಿಡುಕಿದೆ.

"ಆಲ್ವಾ ಬೇಕು ಅಂತ್ಲೇ ಮಾಡ್ದ ಅಂದ್ಕೊಂಡೆ. ಕಣ್ಣು ಕಾಣ್ದೇ ಇರ್ಬಹುದು ಕಣೇ, ಬೋಳು ಯಾವುದು, ತುರುಬು ಯಾವುದು ಅಂತ ಕೈಗೂ ಗೊತ್ತಾಗಲ್ವಾ?"

ನಾನು ಒಂದು ವಾರದಿಂದ ಅದುಮಿಟ್ಟದ್ದು ಇದನ್ನೇ. ಅವನ ಹೆಬ್ಬೆರಳು ನನ್ನ ತುರುಬಿನ ಪಿನ್ನಿಗೆ ತಗುಲಿ ಒಂದು ಉಸಿರಿನಷ್ಟು ಹೊತ್ತು ನಿಂತಿತ್ತು. ಆಮೇಲೆ ಪ್ರಾರ್ಥನೆ ಮುಂದುವರಿಯಿತು. ಗೊತ್ತಾಗಿದ್ದರೆ ಡೆಲ್ಮರ್‌ನ ಹೆಸರು ಯಾಕೆ ಹೇಳಿದ? ಗೊತ್ತಾಗದಿದ್ದರೆ ಬೆರಳು ಯಾಕೆ ನಿಂತಿತು? ಅದನ್ನೂ ಹೇಳಿದೆ.

ಪ್ರೂಯಿಟ್ ಮನೆಯ ಯಜಮಾನ ಎದ್ದು, ಇದು ಸೈತಾನನ ಆಟ, ಪಕ್ಕದ ಕೌಂಟಿಯವರೇ ವಾಸಿ ಎಂದ. ಅರ್ಡಿತ್ ಅಕ್ಕ ನನ್ನ ತಲೆಯ ಮೇಲೆ ಕೈಯಿಡಲಿ, ಒಪ್ಪುವವರು ಕೈಯೆತ್ತಿ ಎಂದ ಡೆಲ್ಮರ್. ಅವನನ್ನೂ ಸೇರಿಸಿ ಐವರು ಎತ್ತಿದರು. ಬೇಡವೆಂದು ಪ್ರೂಯಿಟ್ ಮನೆಯ ನಾಲ್ವರು ಎತ್ತಿದರು. ನಾನು ಎರಡಕ್ಕೂ ಎತ್ತಲಿಲ್ಲ. ಆ ನಾಲ್ವರು ಕೋಟು ಹಾಕಿಕೊಂಡು ಹೊರಟರು. ಹೋಗುತ್ತ ಪ್ರೂಯಿಟ್‌ನ ಹೆಂಡತಿ ನನ್ನ ಕಿವಿಯ ಹತ್ತಿರ, "ಅವತ್ತು ಬಾಗಿಲು ಬಡಿದು ಬಂದೋಳು ನೀನೇ ಅಲ್ವಾ? ಇವತ್ತು ನಾವು ಮೆಲ್ಲಗೆ ಹಾಕ್ಕೊಂಡು ಹೋಗ್ತೀವಿ ಬಿಡು" ಎಂದಳು.

ಆರು ಜನ ಉಳಿದೆವು. ಡೆಲ್ಮರ್ ಮೊಣಕಾಲೂರಿದ. ಅವನ ತಲೆ ಬೆವರಿ ತಣ್ಣಗಿತ್ತು. ಪಟ್ಟದ ಮಾತುಗಳು ನನಗೆ ಬಾಯಿಪಾಠವಿದ್ದರೂ ನಾಲಿಗೆ ಬೇರೆಯದನ್ನೇ ಹೇಳಿತು: "ಕರ್ತನೇ, ನನ್ನ ಕೈಯಲ್ಲಿ ನನ್ನದಲ್ಲದ್ದು ಏನಾದರೂ ಇದ್ದರೆ ಇವನಿಗೆ ಕೊಡು. ಏನೂ ಇಲ್ಲದಿದ್ದರೆ ನಮ್ಮಿಬ್ಬರನ್ನೂ ಕ್ಷಮಿಸು. ಆಮೆನ್."

ಕೈ ಬಿಸಿಯಾಗಲಿಲ್ಲ, ತಣ್ಣಗಾಗಲಿಲ್ಲ. ಏನಾದರೂ ಗೊತ್ತಾಯಿತೇ ಎಂದು ಪಿಸುಗುಟ್ಟಿದೆ. ಮೊಣಕಾಲು ನೋಯುತ್ತಿದೆ ಎಂದ. ಆದರೂ ಎದ್ದು ಹೋಗಿ ರೊಟ್ಟಿ ಮುರಿದು, ಹರಸುವ ಮಾತುಗಳನ್ನು ಎಲ್ಲೂ ತಪ್ಪದೆ ಹೇಳಿದ. ತಟ್ಟೆ ಬಂತು, ತಿಂದೆ. ದ್ರಾಕ್ಷಿರಸ ಬಂತು, ಕುಡಿದೆ.

ಮುಗಿಯಿತು ಎಂದುಕೊಂಡು ಲೋಟಗಳನ್ನು ತೊಳೆಯಲು ಒಯ್ಯುತ್ತಿದ್ದೆ. ಓಪಲ್ ಅಜ್ಜಿ ದಾರಿಗೆ ಅಡ್ಡವಾಗಿ ಕೋಲು ಚಾಚಿದಳು. ಸೊಂಟದ ನೋವು ಹೋಗಲು ತಲೆಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿಸಿಕೊಳ್ಳಬೇಕು, ಆಲ್ವಾ ಮಲಗಿದ ಮೇಲೆ ಯಾರೂ ಮಾಡಿಲ್ಲ ಎಂದಳು. ಡೆಲ್ಮರ್ ಸಂತೋಷದಿಂದ ಎಣ್ಣೆಯ ಶೀಶೆ ತಂದ.

"ಅದಕ್ಕೆ ಇಬ್ಬರಿದ್ರೆ ಚೆಂದ" ಎಂದಳು ಅಜ್ಜಿ. "ಒಬ್ರು ಎಣ್ಣೆ ಹಚ್ಚಬೇಕು, ಇನ್ನೊಬ್ರು ಪ್ರಾರ್ಥನೆ ಮಾಡಬೇಕು. ನನ್ನ ಗಂಡ ಇದ್ದಾಗ ಹಂಗೇ ಮಾಡ್ತಿದ್ದದ್ದು."

ಡೆಲ್ಮರ್ ನನ್ನತ್ತ ನೋಡಿದ. ನನ್ನ ಹತ್ತಿರ ಇದ್ದದ್ದನ್ನೆಲ್ಲ ಅವನಿಗೆ ಕೊಟ್ಟಾಯಿತು, ಈಗ ನನ್ನ ಕೈ ಖಾಲಿ ಎಂದೆ.

"ಆಲ್ವಾ ತನ್ನ ಕಾಲದಲ್ಲಿ ಎಷ್ಟು ಜನಕ್ಕೆ ಕೊಟ್ಟ? ಇಪ್ಪತ್ತು? ಮೂವತ್ತು? ಕೊಟ್ಟು ಖಾಲಿ ಆದ್ನಾ ಅವನು?"

ನಾನು ಲೋಟಗಳನ್ನು ಹಿಡಿದುಕೊಂಡೇ ನಿಂತೆ. ಇದಕ್ಕೊಂದು ಉತ್ತರ ಇರಲೇಬೇಕು, ಯಾವುದೋ ಪುಟದಲ್ಲಿ ಓದಿರಲೇಬೇಕು. ಅಷ್ಟರಲ್ಲಿ ಅಜ್ಜಿ ಕುರ್ಚಿ ಎಳೆದುಕೊಂಡು ಕೂತು, ತಲೆಯ ಮೇಲಿದ್ದ ಉಣ್ಣೆ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.