ಕಲ್ಲುಕಾಲನ ಕಾಲು

"ಇನ್ನೊಂದ್ಸಲ ಒತ್ತಿ ಅಣ್ಣಾ. ನಿಧಾನಕ್ಕೆ," ಎಂದಳು ಮಗಳು, ಲಾರಿಯ ಸ್ಟೇರಿಂಗ್ ಕೆಳಗೆ ತಲೆ ತೂರಿಸಿಕೊಂಡೇ.

ಡ್ರೈವರ್ ಆಕ್ಸಿಲರೇಟರ್ ಪೆಡಲನ್ನು ದಡಕ್ಕನೆ ಒತ್ತಿದ. ಅವಳ ಕೈಲಿದ್ದ ವೋಲ್ಟ್ ಮೀಟರಿನ ಮುಳ್ಳು ಒಂದೇ ನೆಗೆತಕ್ಕೆ ಆಚೆ ತುದಿಗೆ ಹೋಯಿತು.

"ನಿಧಾನ ಅಂದ್ರೆ ಇದಾ? ಜಿರಲೆ ತುಳಿದ ಹಾಗೆ ತುಳೀತೀರಲ್ಲ!"

"ಕಾಲು ಹಿಡಿತಕ್ಕೇ ಸಿಗ್ತಿಲ್ಲ ಕಣಮ್ಮ. ಎದುರಿಗೇ ಅವರು ಹಂಗೆ ಮಲಗಿದ್ರೆ ನಾನೇನ್ ಮಾಡ್ಲಿ?"

ಅವರು ವರ್ಕ್‌ಶಾಪಿನ ಉದ್ದನೆಯ ಬೆಂಚಿನ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ನಲವತ್ತು ವರ್ಷ ಲಾರಿ ರಿಪೇರಿ ಮಾಡುತ್ತ ಆ ಬೆಂಚಿಗೆ ಗ್ರೀಸ್ ಮೆತ್ತಿದವರು. ಅವಳಿಗೆ ಅಪ್ಪ, ಎಲ್ಲ ಡ್ರೈವರುಗಳಿಗೂ ಬರೀ ಮೇಸ್ತ್ರಿ. ಅವರನ್ನು ಸ್ಮಶಾನಕ್ಕೆ ಒಯ್ಯಲು ಬಂದ ಲಾರಿಯೇ ಗೇಟು ದಾಟುವಷ್ಟರಲ್ಲಿ ಮೂರು ಸಲ ಮುಗ್ಗರಿಸಿತ್ತು. ಪೆಡಲು ಒತ್ತಿದರೆ ಉಸಿರೇ ಇಲ್ಲ, ಇನ್ನೂ ಸ್ವಲ್ಪ ಒತ್ತಿದರೆ ಲಗಾಮು ಕಿತ್ತ ಕುದುರೆ.

"ಬೇರೆ ಗಾಡಿ ಕಳಿಸ್ತೀನಿ, ಬಿಡಮ್ಮ," ಎಂದರು ಲಾರಿ ಮಾಲೀಕರು.

"ಬೇಡ. ಈ ಗಾಡೀಲೇ ಕಳಿಸಿ ಅಂತ ಅವರೇ ಹೇಳಿದ್ರು," ಎಂದಳು ಮೇಸ್ತ್ರಿಯ ಹೆಂಡತಿ.

ಈ ಗಾಡಿಯೇ ಯಾಕೆ ಎನ್ನುವುದು ತಾಯಿಗೂ ಮಗಳಿಗೂ ಮಾತ್ರ ಗೊತ್ತಿತ್ತು. ಮಗಳು ತಲೆ ಎತ್ತಿ ಗೇಟಿನ ಕಡೆ ನೋಡಿದಳು. ಒಳಗೆ ಬರಲೋ ಬೇಡವೋ ಎನ್ನುವ ಹಾಗೆ ಒಬ್ಬ ಅಲ್ಲೇ ನಿಂತಿದ್ದ. ಒಂದು ಕಾಲದಲ್ಲಿ ಇದೇ ಲಾರಿಯ ಡ್ರೈವರ್. ಈಗ ಲಾರಿ ತೂಗುವ ವೇಬ್ರಿಡ್ಜಿನ ವಾಚ್‌ಮನ್. ಎಲ್ಲರೂ ಅವನನ್ನು ಕಲ್ಲುಕಾಲ ಎನ್ನುತ್ತಿದ್ದರು. ಆ ಹೆಸರು ಇಟ್ಟವರು ಮೇಸ್ತ್ರಿಯೇ.

"ಮಾವಾ, ನೀವು ಬನ್ನಿ. ಪೆಡಲು ನೀವು ಒತ್ತಿ."

"ಕಲ್ಲುಕಾಲನ ಕೈಲಾ? ಮುರಿದೇ ಹಾಕ್ತಾನೆ," ಎಂದರು ಯಾರೋ. ಸಾವಿನ ಮನೆ ಎನ್ನುವುದೂ ಮರೆತು ಇಬ್ಬರು ನಕ್ಕರು.

ತಾಯಿ ಮಗಳ ತೋಳು ಹಿಡಿದಳು. "ಏನ್ ಮಾಡೋಕೆ ಹೊರಟಿದ್ದೀಯೇ? ಇವತ್ತೊಂದಿನ ಬೇಡ ಕಣೇ. ಹೆಸರು ಕೆಡಿಸ್ಕೊಂಡು ಹೋಗೋದು ಬೇಡ ಅವರು."

"ಇವತ್ತು ಹೇಳ್ದಿದ್ರೆ ನಾನೂ ಅಪ್ಪನ ಥರಾನೇ ಆಗ್ತೀನಿ ಕಣಮ್ಮ," ಎಂದಳು ಮಗಳು.

*

ಒಂಬತ್ತು ವರ್ಷದ ಹಿಂದೆ ಈ ಲಾರಿ ಗೋಡೌನಿನ ಅಂಗಳದಲ್ಲಿ ಇದ್ದಕ್ಕಿದ್ದಂತೆ ಮುಂದಕ್ಕೆ ನೆಗೆದು, ಮೂಟೆ ಇಳಿಸುತ್ತಿದ್ದ ಹಮಾಲನ ಕಾಲನ್ನು ಗೋಡೆಗೆ ಒತ್ತಿ ಮುರಿದಿತ್ತು.

"ಪೆಡಲು ಸತ್ತೇಹೋಯ್ತು. ಆಮೇಲೆ ತಾನಾಗೇ ಎದ್ದು ನೆಗೀತು. ನನ್ನ ಮಕ್ಕಳಾಣೆ," ಎಂದು ಆಗಿನ ಡ್ರೈವರ್ ಬಡಕೊಂಡ.

ಪೆಡಲು ಎಷ್ಟು ಇಳಿದಿದೆ ಎಂದು ಇಂಜಿನ್ನಿಗೆ ತಿಳಿಸುವುದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಸೆನ್ಸರ್. ಅದನ್ನು ಪರೀಕ್ಷಿಸುವಾಗ ಹತ್ತು ಎಣಿಸುತ್ತ ಪೆಡಲು ಒತ್ತಬೇಕು, ಮುಳ್ಳು ಎಲ್ಲೂ ತಡವರಿಸದೆ ಏರಬೇಕು. ಮಗಳಿಗೆ ಹಾಗೆ ಕಲಿಸಿದವರೇ ಮೇಸ್ತ್ರಿ. ಆದರೆ ಆವತ್ತು ಈ ಲಾರಿ ಪರೀಕ್ಷೆಗೆ ಬಂದಾಗ ಇನ್ನೂ ಮೂರು ಲಾರಿ ಕಾಯುತ್ತಿದ್ದವು. ಒಮ್ಮೆ ಒತ್ತಿದರು, ಬಿಟ್ಟರು. ಎರಡರವರೆಗೂ ಎಣಿಸಲಿಲ್ಲ.

"ಸೆನ್ಸರ್ ಸರಿಯಾಗೇ ಇದೆ. ಕಲ್ಲಾಗಿರೋದು ಇವನ ಕಾಲು," ಎಂದರು.

ಮೇಸ್ತ್ರಿಯ ಮಾತಿಗೆ ಎದುರು ಮಾತುಂಟೆ? ಆಮೇಲೆ ಯಾರೂ ಅವನ ಕೈಗೆ ಸ್ಟೇರಿಂಗ್ ಕೊಡಲಿಲ್ಲ.

ಮರುವರ್ಷ ಅದೇ ಲಾರಿ ಮುಗ್ಗರಿಸುತ್ತ ಬಂತು. ಈ ಸಲ ಮೇಸ್ತ್ರಿ ಹತ್ತು ಎಣಿಸಿದರು. ನಾಲ್ಕಕ್ಕೆ ಮುಳ್ಳು ಸೊನ್ನೆಗೆ ಬಿತ್ತು. ಸೆನ್ಸರ್ ಬಿಚ್ಚಿ ಮುಚ್ಚಳ ಎಬ್ಬಿಸಿದರೆ, ಒಳಗಿನ ಕಪ್ಪು ಪಟ್ಟಿ ಉಗುರಿನಗಲ ಸವೆದು ಹೋಗಿತ್ತು. ಒಂದು ವರ್ಷದ ಸವೆತವಲ್ಲ ಅದು. ಬೇರೆ ಸೆನ್ಸರ್ ಹಾಕಿ, ಸವೆದದ್ದನ್ನು ಒಂದು ಡಬ್ಬಿಯಲ್ಲಿ ಎತ್ತಿಟ್ಟರು. ಟಾರ್ಚು ಹಿಡಿದು ನಿಂತಿದ್ದ ಮಗಳ ಮುಖವನ್ನು ಅವರು ನೋಡಲೇ ಇಲ್ಲ.

"ಹೇಳ್ತೀನಿ ಅವನಿಗೆ. ಬರೋ ವಾರ," ಎಂದರು.

ಆ ವಾರ ಎಂಟು ವರ್ಷವಾದರೂ ಬರಲಿಲ್ಲ. ವೇಬ್ರಿಡ್ಜಿಗೆ ಹೋಗುವರು, ಕಲ್ಲುಕಾಲನ ಜೊತೆ ಟೀ ಕುಡಿಯುವರು, ಮುಖ ಸಣ್ಣದು ಮಾಡಿಕೊಂಡು ವಾಪಸ್ಸು ಬರುವರು. ಕೊನೆಗೆ ಹಾಸಿಗೆ ಹಿಡಿದಾಗ ಮಗಳನ್ನು ಕರೆದರು.

"ನಾನು ಹೋದ್ಮೇಲೆ ನೀನೇ ಹೇಳ್ಬಿಡು. ನನ್ನ ಕೈಲಾಗ್ಲಿಲ್ಲ."

ಅಪ್ಪನ ಮೇಲೆ ಅಷ್ಟು ಸಿಟ್ಟು ಅವಳಿಗೆ ಯಾವತ್ತೂ ಬಂದಿರಲಿಲ್ಲ. ತಾನು ಹೊರಲಾರದ್ದನ್ನು ಮಗಳ ತಲೆಗೆ ಕಟ್ಟಿ ಹೋಗುವುದೆಂದರೇನು? ಸಾಯುವವರ ಮೇಲೆ ರೇಗುವುದಾದರೂ ಹೇಗೆ? ದಿಂಬು ಸರಿಮಾಡಿ ಹೊರಗೆ ಬಂದಿದ್ದಳು.

*

ಕಲ್ಲುಕಾಲ ಚಪ್ಪಲಿ ಕೆಳಗೆ ಬಿಟ್ಟು ಲಾರಿ ಹತ್ತಿದ. ಸೀಟಿನಲ್ಲಿ ಕೂತವನು ಒಂದು ಕ್ಷಣ ಸ್ಟೇರಿಂಗನ್ನು ಸುಮ್ಮನೆ ಸವರಿದ.

"ಹತ್ತು ಎಣಿಸ್ತೀನಿ ಮಾವಾ. ಹತ್ತಕ್ಕೆ ಪೂರ್ತಿ ಇಳೀಬೇಕು. ಒಂದು... ಎರಡು..."

ಬರಿಗಾಲು ಮೆಲ್ಲಗೆ ಇಳಿಯಿತು. ಮುಳ್ಳು ಕೂದಲೆಳೆಯಷ್ಟೂ ತಡವರಿಸದೆ ಏರಿತು. ನಾಲ್ಕಕ್ಕೆ ದೊಪ್ಪನೆ ಸೊನ್ನೆಗೆ ಬಿತ್ತು, ಐದಕ್ಕೆ ನೆಗೆಯಿತು. ಇನ್ನೊಂದು ಸಲ ಒತ್ತಿಸಿದಳು. ಅದೇ ನಾಲ್ಕು, ಅದೇ ಸೊನ್ನೆ. ಬಗ್ಗಿ ನೋಡುತ್ತಿದ್ದ ಡ್ರೈವರುಗಳಲ್ಲಿ ಈಗ ಯಾರೂ ನಗಲಿಲ್ಲ.

ಮಗಳು ಬ್ಯಾಟರಿಯ ವೈರು ಬಿಚ್ಚಿದಳು. ಅಪ್ಪನ ಕಪಾಟಿನಿಂದ ಹೊಸ ಸೆನ್ಸರನ್ನೂ ತುಕ್ಕು ಹಿಡಿದ ಒಂದು ಡಬ್ಬಿಯನ್ನೂ ತಂದಳು. ಎರಡು ಸ್ಕ್ರೂ ತೆಗೆದು, ಎಂಟು ವರ್ಷದ ಹಿಂದೆ ಅಪ್ಪ ಹಾಕಿದ್ದ ಸೆನ್ಸರನ್ನು ಕಿತ್ತು ಹೊಸದನ್ನು ಕೂರಿಸಿ, ವೈರುಗಳನ್ನು ಮತ್ತೆ ಜೋಡಿಸಿದಳು. ಪೆಡಲಿಗೆ ಕಾಲು ಮುಟ್ಟದಿದ್ದಾಗ ಮೀಟರಿನಲ್ಲಿ ಅರ್ಧ ವೋಲ್ಟು. ಸರಿಯಾಗಿತ್ತು. ಮತ್ತೆ ಹತ್ತು ಎಣಿಸಿದಳು. ಮುಳ್ಳು ಎಲ್ಲೂ ನಿಲ್ಲದೆ ತುದಿ ಮುಟ್ಟಿತು.

ಆಮೇಲೆ ಡಬ್ಬಿ ತೆರೆದು, ಅದರಲ್ಲಿದ್ದ ಸವೆದ ಸೆನ್ಸರನ್ನು ಅವನ ಕೈಗಿಟ್ಟಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಹಮಾಲನ ಕಾಲು ಮುರಿದ ದಿನ ಈ ಗಾಡೀಲಿ ಇದ್ದಿದ್ದು ಇದು. ನಿಮ್ಮ ಕಾಲಲ್ಲಿ ತಪ್ಪಿರ್ಲಿಲ್ಲ ಮಾವಾ. ಅಪ್ಪ ಸರಿಯಾಗಿ ನೋಡ್ಲಿಲ್ಲ."

ತಾಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮಾಲೀಕರು ಎಲ್ಲೋ ನೋಡತೊಡಗಿದರು.

"ಅವನಿಗೆ ಯಾವಾಗ ಗೊತ್ತಾಯ್ತು?" ಕಲ್ಲುಕಾಲ ಕೇಳಿದ.

"ಎಂಟು ವರ್ಷ ಆಯ್ತು."

"ಎಂಟು ವರ್ಷ ನನ್ನ ಎದುರಿಗೇ ಕೂತು ಟೀ ಕುಡಿದ್ನಲ್ಲ ತಾಯಿ! ಪಾಪ, ನನ್ನನ್ನ ಕಂಡ್ರೆ ಇವನಿಗೊಬ್ಬನಿಗೆ ಪ್ರೀತಿ ಅಂದ್ಕೊಂಡಿದ್ದೆ. ನನಗೇ ನನ್ನ ಕಾಲ ಮೇಲೆ ಅನುಮಾನ ಬಂದು, ಸೈಕಲ್ ತುಳಿಯೋದೂ ಬಿಟ್ಟಿದ್ದೆ ಕಣಮ್ಮ."

ಅವನು ಇಳಿದು ಬೆಂಚಿನ ಹತ್ತಿರ ಹೋದ. ಸೆನ್ಸರನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮೇಸ್ತ್ರಿಯ ಮುಖವನ್ನೇ ನೋಡುತ್ತ ನಿಂತ. ಹೊಡೆದೇಬಿಡುತ್ತಾನೇನೋ ಎಂದು ಮಗಳು ಎರಡು ಹೆಜ್ಜೆ ಮುಂದಿಟ್ಟಳು. ಅವನು ಅವಳ ಕಡೆ ತಿರುಗಿ ಕೈ ಚಾಚಿದ.

"ಕೀ ಕೊಡು. ಲೈಸೆನ್ಸು ಇದೆ, ರಿನ್ಯೂ ಮಾಡಿಸೋದು ಬಿಟ್ಟಿಲ್ಲ ನಾನು."

"ಮಾವಾ..."

"ಕ್ಷಮಿಸಿದ್ದೀನಿ ಅಂದ್ಕೋಬೇಡ. ಆಗಲ್ಲ ನನ್ನ ಕೈಲಿ. ನನ್ನ ಕಾಲು ಎಂಥದ್ದು ಅಂತ ಇವನಿಗೆ ಗೊತ್ತಾಗ್ಲಿ, ಅಷ್ಟೇ."

ನಾಲ್ವರು ಸೇರಿ ಮೇಸ್ತ್ರಿಯನ್ನು ಲಾರಿಗೆ ಏರಿಸಿದರು. ಮಗಳು ಹಿಂದೆ ಅಪ್ಪನ ತಲೆಯ ಪಕ್ಕ ಕೂತಳು. ಲಾರಿ ಹೊರಡುವಾಗಿನ ಕುಲುಕಾಟಕ್ಕೆ ತಲೆ ಹೊರಳೀತೆಂದು ಎರಡೂ ಕೈಗಳನ್ನು ಆಚೀಚೆ ಹಿಡಿದು ಕಾದಳು. ಇಂಜಿನ್ನಿನ ದನಿ ಸಣ್ಣಗೆ ಏರಿತು. ಗೇಟಿನ ಕಂಬ ಹಿಂದಕ್ಕೆ ಸರಿದಾಗಲೇ ಲಾರಿ ಹೊರಟಿದೆಯೆಂದು ಅವಳಿಗೆ ಗೊತ್ತಾದದ್ದು. ತಿರುವು ಬಂತು, ಏರು ಬಂತು, ರೈಲು ಗೇಟಿನಲ್ಲಿ ನಿಂತು ಮತ್ತೆ ಹೊರಟಿತು. ಅಪ್ಪನ ತಲೆ ಇಟ್ಟ ಹಾಗೆಯೇ ಇತ್ತು. ಸ್ಮಶಾನದವರೆಗೂ ಅವಳ ಕೈಗಳಿಗೆ ಕೆಲಸವೇ ಬೀಳಲಿಲ್ಲ.