ಅಳತೆಗೋಲಿಗೆ ಬಂದ ಕೆಮ್ಮು

ನಮ್ಮ ಭಾವನ ಕಸುಬು ಊದಿಸುವುದು. ಓದು ಮುಗಿದ ಮೇಲೆ ಅವರು ಬದುಕಿನಲ್ಲಿ ಮಾಡಿದ್ದೆಲ್ಲ ಅದೇ. ಕಂಡವರ ಬಾಯಿಗೆ ಕೊಳವೆ ಇಟ್ಟು ಊದಿಸಿದರು, ಯಾರ ಎದೆಗೂಡಿನಲ್ಲಿ ಎಷ್ಟು ಗಾಳಿ ಎಂದು ಅಳೆದರು, ಅಳೆದದ್ದರ ಮೇಲೆ ಪ್ರಬಂಧ ಬರೆದರು, ಪ್ರಬಂಧ ಓದದವರಿಗೆ ಭಾಷಣ ಮಾಡಿದರು. ಭಾಷಣಕ್ಕೊಂದರಂತೆ ಸಿಕ್ಕ ಫಲಕಗಳು ಕಪಾಟಿನಲ್ಲಿ ಒತ್ತೊತ್ತಾಗಿ ನಿಂತಿವೆ. "ಧೂಳಿನಿಂದ ಶ್ವಾಸಕೋಶ ಕಾಪಾಡಿದ್ದಕ್ಕೆ ಕೊಟ್ಟಿದ್ದಂತೆ. ಇದರ ಧೂಳು ಒರೆಸೋಳು ಮಾತ್ರ ನಾನು," ಎಂದು ಅಕ್ಕ ಬಟ್ಟೆ ಝಾಡಿಸುತ್ತಾಳೆ.

ಇಷ್ಟು ಸಾಲದೆಂದು ಭಾವ ಒಂದು ಯಂತ್ರವನ್ನೂ ಕಂಡುಹಿಡಿದರು. ಅಂಗೈಯಲ್ಲಿ ಕೂರುವಷ್ಟು ಪುಟ್ಟದು. ಒಮ್ಮೆ ಜೋರಾಗಿ ಊದಿದರೆ ಎದೆಯ ಜಾತಕವನ್ನೇ ಬಿಚ್ಚಿಡುತ್ತದೆ. "ರೋಗಿ ಸುಳ್ಳು ಹೇಳ್ತಾನೆ, ಡಾಕ್ಟರೂ ಹೇಳ್ತಾನೆ. ಇದು ಹೇಳಲ್ಲ," ಎಂದು ಹಾಲಿನವನನ್ನೂ ಬಿಡದೆ ನಿಲ್ಲಿಸಿಕೊಂಡು ಹೇಳುತ್ತಿದ್ದರು. ಪಾಪ, ಅವನು ಹಾಲಿಗೆ ನೀರು ಹಾಕುವುದು ಗೊತ್ತಾಗಿಬಿಟ್ಟಿತೇನೋ ಎಂದು ಬೆವರುತ್ತಿದ್ದ.

ಅವರ ಪ್ರಯೋಗಾಲಯದಲ್ಲಿ ಒಂದು ಪದ್ಧತಿ ಉಂಟು. ಸೋಮವಾರ ರೋಗಿಗಳು ಬರುವ ಮುಂಚೆ, ಆರೋಗ್ಯವಂತನೊಬ್ಬ ಯಂತ್ರಕ್ಕೆ ಊದಬೇಕು. ಅವನ ಅಳತೆ ಎಂದಿನಷ್ಟೇ ಬಂದರೆ ಯಂತ್ರ ನೆಟ್ಟಗಿದೆ ಎಂದರ್ಥ. ಈ ಗಟ್ಟಿ ಎದೆಯ ಹುದ್ದೆಗೆ ಭಾವ ತಮ್ಮನ್ನು ತಾವೇ ನೇಮಿಸಿಕೊಂಡಿದ್ದರು. ಅರ್ಜಿ ಕರೆಯಲಿಲ್ಲ, ಸಂದರ್ಶನವೂ ಇಲ್ಲ.

ಯಂತ್ರಕ್ಕೆ ಒಪ್ಪಿಗೆ ಕೊಡುವ ಸಮಿತಿ ಬರುವ ದಿನ ಹತ್ತಿರವಾದಾಗ ಆ ಅಳತೆ ಇಳಿಯತೊಡಗಿತು. ಭಾವ ಯಂತ್ರದ ಹೊಟ್ಟೆ ಬಿಚ್ಚಿದರು. ಜಾಲರಿ ಬದಲಾಯಿಸಿದರು. ಅಳತೆ ಮತ್ತೂ ಇಳಿಯಿತು. ಫ್ಯಾನಿನ ಗಾಳಿಯನ್ನು ಬೈದರು. ಕೊನೆಗೆ, ರೋಗಿಗಳ ಪಕ್ಕ ನಿಂತು "ಊದಿ, ಊದಿ, ಊದಿ, ಬಿಡಬೇಡಿ!" ಎಂದು ಕೂಗುವುದೇ ಕೆಲಸವಾಗಿದ್ದ ಟೆಕ್ನಿಷಿಯನ್ನಮ್ಮನ ಮೇಲೆ ಹರಿಹಾಯ್ದರು. ಆಕೆಗೆ ಆಸ್ಪತ್ರೆಯವರೆಲ್ಲ ಇಟ್ಟ ಹೆಸರು ಊದಮ್ಮ.

"ನೀವು ಸರಿಯಾಗಿ ಕೂಗ್ತಿಲ್ಲ."

"ಸರ್, ನಾನು ಕೂಗಿದ್ದಕ್ಕೆ ಪಕ್ಕದ ವಾರ್ಡಿನವರೂ ಊದ್ತಿದಾರೆ. ನೀವೇ ಮಧ್ಯೆ ಕೆಮ್ಮಿದ್ದು."

ಕೆಮ್ಮು ಮನೆಯಲ್ಲೂ ಇತ್ತು. ಮೆಟ್ಟಿಲ ತಿರುವಿನಲ್ಲಿ ಭಾವ ಗೋಡೆ ಹಿಡಿದು ನಿಲ್ಲುತ್ತಿದ್ದರು. "ರೀ, ಯಾಕೆ ಏದುಸಿರು ಬಿಡ್ತೀರಿ?" ಎಂದು ಅಕ್ಕ ಕೇಳಿದರೆ, "ಮೆಟ್ಟಿಲು ಕಟ್ಟಿದವನಿಗೆ ಲೆಕ್ಕ ಗೊತ್ತಿಲ್ಲ, ತೀರಾ ಎತ್ತರ," ಎನ್ನುತ್ತಿದ್ದರು. ಮದುವೆಯಾದಾಗಿನಿಂದ ಅದೇ ಮೆಟ್ಟಿಲು.

ಒಂದು ಭಾನುವಾರ ಭಾವ ನನ್ನನ್ನೂ ಪ್ರಯೋಗಾಲಯಕ್ಕೆ ಎಳೆದುಕೊಂಡು ಹೋದರು. ಸಾಮಾನು ಹೊರಲು ಚಪ್ಪಲಿ ಅಂಗಡಿಯ ಭಾವಮೈದನಿಗಿಂತ ಒಳ್ಳೆಯ ವಿಜ್ಞಾನಿ ಎಲ್ಲಿ ಸಿಗುತ್ತಾನೆ? ಅಲ್ಲಿ ತೊಡೆಗಾತ್ರದ ಒಂದು ಸಿರಿಂಜ್ ಇತ್ತು. ಅದರ ತುಂಬ ಹಿಡಿಸುವುದು ಸರಿಯಾಗಿ ಮೂರು ಲೀಟರ್ ಗಾಳಿ. ಅದನ್ನು ಯಂತ್ರದೊಳಕ್ಕೆ ತಳ್ಳಿದರೆ ಯಂತ್ರ ಮೂರು ಎನ್ನಬೇಕು. ಅಂದಿತು. ಭಾವ ಮತ್ತೆ ತಳ್ಳಿದರು. ಮತ್ತೆ ಮೂರು. "ಇವತ್ತು ಹಟ ಮಾಡ್ತಿದೆ," ಎಂದರು.

"ನೀನು ಊದು ನೋಡೋಣ."

ಊದಿದೆ. ನನ್ನ ವಯಸ್ಸಿಗೆ, ಎತ್ತರಕ್ಕೆ ಎಷ್ಟು ಬೇಕೋ ಅಷ್ಟು ಬಂತು.

"ನಿನ್ನಂಥವನಿಗೂ ಇಷ್ಟು ಬಂತಾ?" ಭಾವ ಕುರ್ಚಿಯಲ್ಲಿ ಕುಸಿದರು.

ಈಗ ಉಳಿದದ್ದು ಎರಡೇ ದಾರಿ. ಯಂತ್ರ ಕೆಟ್ಟಿದ್ದರೆ ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಯಂತ್ರ ಸರಿಯಿದ್ದರೆ ಎದೆ ಕೆಟ್ಟಿದೆ. ಭಾವ ಬಹಳ ಹೊತ್ತು ಯಂತ್ರವನ್ನೇ ನೋಡಿದರು. ಆಮೇಲೆ ಅವರ ಮುಖ, ಮೊಮ್ಮಗು ಹುಟ್ಟಿತೆಂಬ ಸುದ್ದಿ ಬಂದವರಂತೆ ಅರಳಿತು.

"ಯಂತ್ರ ಸರಿಯಾಗಿದೆ ಕಣೋ!"

"ಹಾಗಾದ್ರೆ ನಿಮ್ಮ ಎದೆ, ಭಾವ?"

"ಅದು ಬೇರೆ ವಿಷಯ."

ಆ ಬೇರೆ ವಿಷಯಕ್ಕಾಗಿ ಅಕ್ಕ ಅವರನ್ನು ದರದರ ಎಳೆದುಕೊಂಡು ಡಾಕ್ಟರ ಬಳಿ ಹೋದಳು. ಡಾಕ್ಟರು ಭಾವನ ಶಿಷ್ಯನೇ. ಕೆಮ್ಮಿಕೊಂಡು ಬಂದವರನ್ನು ಮೊದಲು ಏನು ಕೇಳಬೇಕೆಂದು ಭಾವ ಕಲಿಸಿದ್ದರೋ ಅದನ್ನೇ ಕೇಳಿದ. "ಸರ್, ಮನೇಲಿ ಹಕ್ಕಿ ಸಾಕಿದೀರಾ?"

"ಇಲ್ಲಪ್ಪ."

"ರೀ!" ಎಂದಳು ಅಕ್ಕ. "ಓದೋ ಕೋಣೆ ಬಾಲ್ಕನಿ ತುಂಬ ಕೂತಿರೋದು ಏನು, ಎಮ್ಮೆಗಳಾ?"

"ಹಕ್ಕಿ ಎಲ್ಲಿ? ಪಾರಿವಾಳ," ಎಂದರು ಭಾವ.

ಅವರಿಗೆ ಅವು ಹಕ್ಕಿಗಳಲ್ಲ, ಮಕ್ಕಳು. ಬೆಳಗೆದ್ದು ತಾವೇ ಗೂಡು ಕೆರೆದು, ಒಣಗಿದ ಹಿಕ್ಕೆ ಗುಡಿಸಿ, ರೆಕ್ಕೆಯ ಪುಡಿಯಲ್ಲಿ ಮಿಂದು, ಆಮೇಲೆ ಸ್ನಾನ ಮಾಡಿ, ಧೂಳಿನ ಅಪಾಯದ ಬಗ್ಗೆ ಉಪನ್ಯಾಸಕ್ಕೆ ಹೊರಡುತ್ತಿದ್ದರು. ಎದೆಯ ಚಿತ್ರ ತೆಗೆಸಿ ನೋಡಿದ ಶಿಷ್ಯ ತಲೆ ತಗ್ಗಿಸಿಕೊಂಡೇ ಹೇಳಿದ: ಆ ಪುಡಿ ಉಸಿರಿನ ಜೊತೆ ಒಳಗಿಳಿದು ಬಂದ ರೋಗ ಇದು, ಬೇಗ ಸಿಕ್ಕಿದೆ, ಪಾರಿವಾಳ ಹೋದರೆ ಉಸಿರು ಬಹುಪಾಲು ಮರಳುತ್ತದೆ. ಅವು ಇದ್ದರೆ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುತ್ತದೆ, ಮತ್ತೆ ಮೆತ್ತಗಾಗುವುದಿಲ್ಲ.

ಸಮಿತಿಯ ಮುಂದೆ ಭಾವ ತಮ್ಮ ಎದೆಯ ಚಿತ್ರವನ್ನೇ ಪರದೆಯ ಮೇಲೆ ಹಾಕಿ, ಯಂತ್ರ ರೋಗವನ್ನು ಹೇಗೆ ಹಿಡಿಯಿತೆಂದು ಹೆಮ್ಮೆಯಿಂದ ಕೆಮ್ಮುತ್ತ ವಿವರಿಸಿದರು. ಒಪ್ಪಿಗೆ ಸಿಕ್ಕಿತು. ಜೊತೆಗೊಂದು ಫಲಕವೂ. "ಅಂತೂ ನಿಮ್ಮ ಶ್ವಾಸಕೋಶ ಒಂದು ಉಪಯೋಗಕ್ಕೆ ಬಂತು," ಎಂದಳು ಅಕ್ಕ. ಸೋಮವಾರದ ಗಟ್ಟಿ ಎದೆಯ ಹುದ್ದೆ ಈಗ ನನ್ನದು. ಸಂಬಳವಿಲ್ಲ, ಊದಮ್ಮನ ಬೈಗುಳ ಉಂಟು.

ಆದರೆ ಪಾರಿವಾಳಗಳನ್ನು ಕಳಿಸುವ ಮಾತೆತ್ತಿದರೆ ಸಾಕು, ಸಾಕ್ಷ್ಯ ಸಾಲದು ಎನ್ನುತ್ತಿದ್ದರು ಭಾವ. ತಾಳ್ಮೆಗೆಟ್ಟ ಅಕ್ಕ ಅವುಗಳನ್ನು ಬುಟ್ಟಿಯಲ್ಲಿ ತುಂಬಿ ನನ್ನ ಕೈಗೆ ಕೊಟ್ಟಳು. ಊರ ಹೊರಗಿನ ಕಲ್ಲುಗಣಿಯಾಚೆ ಬಿಟ್ಟು ಬಂದೆ. ಗೇಟು ತೆಗೆದು ತಲೆಯೆತ್ತಿದರೆ ಎಲ್ಲವೂ ಬಾಲ್ಕನಿಯಲ್ಲಿ ಸಾಲಾಗಿ ಕೂತು ನನ್ನನ್ನೇ ನೋಡುತ್ತಿವೆ.

ಮೆಟ್ಟಿಲು ಹತ್ತಿ ಓದುವ ಕೋಣೆಗೆ ಹೋದೆ. ಅಕ್ಕನ ಪಕ್ಕ ಭಾವ ಮುಚ್ಚಿದ ಕಿಟಕಿಯ ಹಿಂದೆ ಮುಖಕ್ಕೆ ಮಾಸ್ಕ್ ಕಟ್ಟಿ ನಿಂತಿದ್ದರು. "ಶೂ" ಎಂದು ಓಡಿಸಲು ಹೋದರು. ಊರನ್ನೆಲ್ಲ ಊದಿಸಿದ ಮನುಷ್ಯನಿಗೆ "ಶೂ" ಅನ್ನುವಷ್ಟು ಉಸಿರು ಬರಲಿಲ್ಲ. ಪಾರಿವಾಳಗಳು ಕತ್ತು ಓರೆ ಮಾಡಿ ಕಾದವು. ಭಾವನ ಕೈ ತಾನಾಗಿ ಕಾಳಿನ ಡಬ್ಬಿಯ ಮೇಲೆ ಹೋಯಿತು.

"ರೀ," ಎಂದಳು ಅಕ್ಕ. ಈ ಸಲ ಅವಳ ದನಿಯಲ್ಲಿ ಕೊಂಕಿರಲಿಲ್ಲ.

ಭಾವ ಡಬ್ಬಿಯನ್ನು ಎದೆಗೊತ್ತಿಕೊಂಡು ಕೆಮ್ಮಿದರು. ಕೆಮ್ಮು ನಿಂತ ಮೇಲೆ ಅದನ್ನು ಅವಳ ಕೈಗಿಟ್ಟರು.

"ಎಲ್ಲಿ ಬಿಟ್ಟು ಬಂದೆಯೋ?" ಎಂದು ನನ್ನನ್ನು ಕೇಳಿದರು.

"ಕಲ್ಲುಗಣಿ ಆಚೆ, ಭಾವ."

"ಅಷ್ಟು ದೂರದಿಂದಾ!" ಗಾಜಿಗೆ ಹಣೆ ಆನಿಸಿ ದಿಟ್ಟಿಸಿದರು. "ಒಂದಕ್ಕಾದರೂ ಏದುಸಿರು ಇದೆಯಾ ನೋಡು. ಎಂಥಾ ಶ್ವಾಸಕೋಶ!"

ಅಕ್ಕ ಪರದೆ ಎಳೆದಳು.