ಹೂಸ್ಟನ್ನಿನ ನಲವತ್ತನೆಯ ಕಾರ್ಡು

ಶನಿವಾರ ಬೆಳಿಗ್ಗೆ ಹೂಸ್ಟನ್ ಬಳಿಯ ಫುಲ್‌ಶೀರ್‌ನ ಮನೆಯಲ್ಲಿ ದಾನಪ್ಪ ರೊಟ್ಟಿ ಮುರಿಯುತ್ತ ಮೊಮ್ಮಗಳು ಸಾನ್ವಿಯ ಶಾಲೆಯ ಭಾಷಣ ಕೇಳುತ್ತಿದ್ದರು. ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ಹೆಂಗಸರಿಗೆ ಮತದ ಹಕ್ಕು ಕೊಡುವ ತಿದ್ದುಪಡಿ ವಾಷಿಂಗ್ಟನ್‌ನಲ್ಲಿ ಪಾಸಾದರಷ್ಟೇ ಸಾಲುತ್ತಿರಲಿಲ್ಲ. ಮೂವತ್ತಾರು ರಾಜ್ಯಗಳು ಒಪ್ಪಬೇಕಿತ್ತು. ಟೆಕ್ಸಸ್ ಬೇಗನೆ ಒಪ್ಪಿತು. ಕೊನೆಗೆ ಉಳಿದದ್ದು ಟೆನೆಸಿ. ಅಲ್ಲಿ ಬೇಡವೆನ್ನುತ್ತಿದ್ದ ಶಾಸನಸಭೆಯ ಎಳೆಯ ಸದಸ್ಯನೊಬ್ಬ ತಾಯಿಯ ಪತ್ರ ಓದಿ ಮನಸ್ಸು ಬದಲಿಸಿದ.

"ಜಸ್ಟ್ ಒನ್ ವೋಟ್, ಅಜ್ಜ!"

"ಶಭಾಷ್! ಮಗ ಅಂದ್ರ ಹಂಗಿರಬೇಕು!" ದಾನಪ್ಪ ಟೇಬಲ್ ಕುಟ್ಟಿದರು.

ಒಲೆಯ ಮುಂದೆ ಹೆಂಡತಿ ನಿಂಗವ್ವ ಮುಸಿಮುಸಿ ನಕ್ಕರು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ದಾನಪ್ಪನ ತಟ್ಟೆಯಲ್ಲಿ ಆಗ ಎಣ್ಣೆಗಾಯಿಯೇ ಇತ್ತು.

ನಿಂಗವ್ವ ನಕ್ಕದ್ದಕ್ಕೆ ಕಾರಣವಿತ್ತು. ಅಂದು ಮಧ್ಯಾಹ್ನವೇ ಕನ್ನಡ ಸಂಘದ ಹೂಸ್ಟನ್ ಘಟಕದ ಸಭೆ. ಮನೆಗೊಂದು ಮತ ಎಂಬುದು ಸಂಘದ ನಿಯಮ. ಇಪ್ಪತ್ತು ವರ್ಷ ಆ ಮತದ ಕಾರ್ಡು ಗಂಡಂದಿರ ಜೇಬು ಬಿಟ್ಟು ಕದಲಿರಲಿಲ್ಲ. ಇನ್ನು ಮೇಲೆ ಹೆಂಡತಿಗೂ ಒಂದು ಮತ ಎಂಬ ತಿದ್ದುಪಡಿಯನ್ನು ಡಾಲಸ್, ಆಸ್ಟಿನ್ ಘಟಕಗಳು ಒಪ್ಪಿದ್ದವು. ಹೂಸ್ಟನ್ ಒಪ್ಪದೆ ಅದು ಜಾರಿಯಾಗುವಂತಿರಲಿಲ್ಲ.

ಸಭೆಯಲ್ಲಿ ದಾನಪ್ಪ ಎದ್ದು ನಿಂತರು. "ಗಂಡ ಹೆಂಡ್ತಿ ಅಂದ್ರ ಒಂದ ಮಾತು. ಎರಡು ವೋಟ್ ಕೊಟ್ಟು ಮನಿ ಯಾಕ ಒಡೀತೀರಿ?" ಅವರು ಕೆಟ್ಟವರಲ್ಲ, ಹಾಗೆಂದು ನಿಜವಾಗಿಯೂ ನಂಬಿದ್ದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ಕಾರ್ಯದರ್ಶಿ ಸುಧೀಂದ್ರ ತಿದ್ದುಪಡಿಯ ಪರವಾಗಿ ಎತ್ತಿದ ಕಾರ್ಡುಗಳನ್ನು ಎಣಿಸಿದರು. "ಮೂವತ್ತೊಂಬತ್ತು. ನಲವತ್ತು ಬೇಕಿತ್ತು. ಇನ್ಯಾರಾದ್ರೂ ಇದ್ದೀರಾ?"

ಬಡಿಸಲು ನಿಂತಿದ್ದ ನಿಂಗವ್ವ ಗಂಡನ ಬಳಿ ಬಂದರು. "ಅಲ್ರೀ, ಹೋದ ವರ್ಷ ಕನ್ನಡ ಶಾಲಿ ಭಾನುವಾರ ಮುಂಜಾನಿಂದ ತಗದು ಸಂಜಿಗೆ ಹಾಕಿದ್ರಿ. ಕಲಿಸಾಕಿ ನಾನು. ಅರ್ಧ ಹುಡುಗ್ರು ಬರೂದ ಬಿಟ್ಟಾವು. ಕೈ ಎತ್ತೂ ಮುಂದ ನನ್ನ ಒಂದ ಮಾತು ಕೇಳಿದ್ರೇನು?"

ದಾನಪ್ಪ ಕೇಳಿರಲಿಲ್ಲ, ಕೇಳಬೇಕೆಂದು ಹೊಳೆದೂ ಇರಲಿಲ್ಲ. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು. ಜೇಬಿನಿಂದ ಕಾರ್ಡು ತೆಗೆದು ಹೆಂಡತಿಯ ಮುಂದೆ ಹಿಡಿದರು. "ತಗೋ. ನೀನ ಎತ್ತು."

"ನಿಮ್ಮ ವೋಟ್ ನನಗ್ಯಾಕ್ರಿ?" ನಿಂಗವ್ವ ಕೈ ಹಿಂದಕ್ಕೆ ತೆಗೆದುಕೊಂಡರು. "ನನಗ ನನ್ನದು ಬೇಕು."

ದಾನಪ್ಪ ಒಮ್ಮೆ ಕಾರ್ಡನ್ನು, ಒಮ್ಮೆ ಹೆಂಡತಿಯನ್ನು ನೋಡಿದರು. ಆಮೇಲೆ ತೋಳು ನೆಟ್ಟಗೆ ಮೇಲೆತ್ತಿದರು.

"ನಲವತ್ತು!" ಎಂದು ಸುಧೀಂದ್ರ ಕೂಗಿದ್ದು ಗಲಾಟೆಯಲ್ಲಿ ಅರ್ಧ ಜನಕ್ಕೆ ಕೇಳಿಸಲೇ ಇಲ್ಲ. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಿಂಗವ್ವ ಕಣ್ಣೊರೆಸಿಕೊಂಡು, ಗಂಡನ ತಟ್ಟೆಗೆ ಒಂದು ಹೋಳಿಗೆ ಹೆಚ್ಚೇ ಹಾಕಿದರು.

ಮುಂದಿನ ತಿಂಗಳು ಕನ್ನಡ ಶಾಲೆಯ ಸಮಯ ಮತ್ತೆ ಮತಕ್ಕೆ ಬಂತು. ದಾನಪ್ಪನಿಗೆ ಭಾನುವಾರ ಬೆಳಗಿನ ನಿದ್ದೆ ಪ್ರಾಣ. ಅವರು ಸಂಜೆಗೇ ಕೈ ಎತ್ತಿದರು, ನಿಂಗವ್ವ ಬೆಳಿಗ್ಗೆಗೆ.

ಮುಂದಿನ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆಲ್ಲ ದಾನಪ್ಪ ಆಕಳಿಸುತ್ತ ಶಾಲೆಯತ್ತ ಕಾರು ಡ್ರೈವ್ ಮಾಡುತ್ತಿದ್ದರು. ಪಕ್ಕದಲ್ಲಿ ನಿಂಗವ್ವ ಕಾಗುಣಿತದ ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದರು.

"ಎಷ್ಟರಾಗ ಸೋತೆವು ನಾವು ಸಂಜಿ ಕಡೆಯವ್ರು?" ದಾನಪ್ಪ ಗೊಣಗಿದರು.

ಹಿಂದಿನ ಸೀಟಿನಿಂದ ಸಾನ್ವಿ ಕಿಲಕಿಲ ನಕ್ಕಳು. "ಜಸ್ಟ್ ಒನ್ ವೋಟ್, ಅಜ್ಜ!"